ಲ್ಯಾಪ್‌ಟಾಪ್ ಕಟ್ಟುವುದು ಕಷ್ಟ, ಬಿಚ್ಚುವುದು ಸುಲಭ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ಯಾವುದೇ ಅಂಗಡಿಯಲ್ಲಿ ‘ಒಂದು ಪಿಸಿ ಅಸೆಂಬಲ್ ಮಾಡಿಕೊಡಿ’ ಅಂದರೆ ಅವರು ಮೊದಲು ಕೇಳುವುದು ‘ಬಜೆಟ್ ಎಷ್ಟು ಸಾರ್?’ ಅಂತ. ಬೆಳಿಗ್ಗೆ ಕೊಟೇಶನ್, ಸಂಜೆಗೆ ಮೆಷಿನ್. ಅದೇ ಅಂಗಡಿಯಲ್ಲಿ ‘ಲ್ಯಾಪ್‌ಟಾಪ್ ಅಸೆಂಬಲ್ ಮಾಡ್ತೀರಾ?’ ಅಂತ ಕೇಳಿ ನೋಡಿ. ‘ಅದೆಲ್ಲ ಆಗಲ್ಲ ಸಾರ್, ಸರ್ವೀಸ್ ಇದ್ರೆ ಹೇಳಿ’ ಅನ್ನುತ್ತಾರೆ. ಇವತ್ತು ನನಗೆ ಕೊಟ್ಟಿರುವ ವಿಷಯ ಇದೇ: ಸಿದ್ಧ ಲ್ಯಾಪ್‌ಟಾಪ್ ಕೊಳ್ಳುವುದು ಮೇಲೋ, ನಾವೇ ಕಟ್ಟಿಕೊಳ್ಳುವುದು ಮೇಲೋ. ತೀರ್ಪನ್ನು ಮುಂಚೆಯೇ ಹೇಳಿಬಿಡುತ್ತೇನೆ, ನಿದ್ದೆ ಬಂದವರು ಮಲಗಬಹುದು. ಕೊಳ್ಳಿ. ಆದರೆ ಎಂಥದ್ದನ್ನು ಕೊಳ್ಳಬೇಕು ಅನ್ನುವಲ್ಲಿ ನನ್ನದೊಂದು ತಕರಾರಿದೆ. ಭಾಷಣವೆಲ್ಲ ಆ ತಕರಾರೇ.

ಡೆಸ್ಕ್‌ಟಾಪನ್ನು ಯಾರು ಬೇಕಾದರೂ ಜೋಡಿಸಬಹುದು, ಏಕೆಂದರೆ ಇಂಟೆಲ್ 1995ರಲ್ಲಿ ಎಟಿಎಕ್ಸ್ ಅನ್ನುವ ಅಳತೆಯನ್ನು ಹೊರತಂದಿತು. ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡಾದ ಮದರ್‌ಬೋರ್ಡಿನ ಸ್ಕ್ರೂ ತೂತು ಎಲ್ಲಿರಬೇಕು, ಪೋರ್ಟುಗಳು ಯಾವ ಕಡೆ ಬರಬೇಕು, ಪವರ್ ಸಪ್ಲೈ ಎಷ್ಟು ದೊಡ್ಡದಿರಬೇಕು ಎಲ್ಲ ಅದರಲ್ಲಿ ನಿಗದಿಯಾಯಿತು. ತೈವಾನಿನ ಒಂದು ಕಂಪನಿಯ ಬೋರ್ಡು ಚೀನಾದ ಇನ್ನೊಂದು ಕಂಪನಿಯ ಕ್ಯಾಬಿನೆಟ್ಟಿನಲ್ಲಿ ಸಲೀಸಾಗಿ ಕೂರುತ್ತದೆ. ಲ್ಯಾಪ್‌ಟಾಪಿಗೆ ಇಂಥದ್ದೊಂದು ಅಳತೆ ಇಲ್ಲ. ಅದರ ಮದರ್‌ಬೋರ್ಡು ಒಬ್ಬರ ಅಳತೆಗೆ ಹೊಲಿದ ರವಿಕೆಯ ಹಾಗೆ, ಇನ್ನೊಬ್ಬರಿಗೆ ಆಗುವುದಿಲ್ಲ. ಫ್ಯಾನಿಗೆ ಜಾಗ ಬಿಟ್ಟು, ಹಿಂಜಿನ ಹತ್ತಿರ ಕೊರೆದು, ಬ್ಯಾಟರಿ ಎಲ್ಲಿ ಮುಗಿಯುತ್ತದೋ ಅಲ್ಲಿ ತಿರುಗಿಸಿ, ಆ ಒಂದು ಮಾಡೆಲ್ಲಿಗೆಂದೇ ಕತ್ತರಿಸಿದ್ದು. ಪ್ರೊಸೆಸರಿನ ಬಿಸಿಯನ್ನು ಸಾಗಿಸುವ ತಾಮ್ರದ ಹೀಟ್ ಪೈಪೂ ಹಾಗೆಯೇ.

ಪ್ರಯತ್ನ ನಡೆಯಲಿಲ್ಲ ಅಂತಲ್ಲ. 2006ರ ಸುಮಾರಿಗೆ ಇಂಟೆಲ್ ಕಂಪನಿಯೇ ಪರದೆ, ಬ್ಯಾಟರಿ, ಕೀಬೋರ್ಡ್, ಅಡಾಪ್ಟರ್ ಮುಂತಾದವು ಎಲ್ಲ ಲ್ಯಾಪ್‌ಟಾಪಿಗೂ ಒಂದೇ ಅಳತೆಯಲ್ಲಿರಲಿ ಅಂತ ಹೊರಟಿತ್ತು. ಅದು ಬೇರೂರಲಿಲ್ಲ. 2008ರಲ್ಲಿ ಆ್ಯಪಲ್ ತನ್ನ ಮ್ಯಾಕ್‌ಬುಕ್ ಏರನ್ನು ಕಾಗದದ ಲಕೋಟೆಯೊಳಗಿಂದ ಎಳೆದು ತೋರಿಸಿತು. ಅಲ್ಲಿಂದ ಎಲ್ಲರಿಗೂ ತೆಳುವಿನ ಗೀಳು ಹಿಡಿಯಿತು. ತೆಳುವಾಗಬೇಕಾದರೆ ಪ್ರೊಸೆಸರನ್ನು ಕೂರಿಸುವ ಸಾಕೆಟ್ಟು ಹೋಗಬೇಕು. ಇಂಟೆಲ್ಲಿನ ನಾಲ್ಕನೇ ಪೀಳಿಗೆಯ ತನಕ ಕೆಲವು ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರನ್ನು ಕಿತ್ತು ಬೇರೆಯದನ್ನು ಹಾಕಬಹುದಿತ್ತು. ಆಮೇಲೆ ಅದನ್ನು ಬೋರ್ಡಿಗೇ ಬೆಸುಗೆ ಹಾಕಿದರು.

ಇಷ್ಟಾದರೂ ಹಟ ಹಿಡಿದು ಕಟ್ಟಿದವರಿದ್ದಾರೆ. ಆ್ಯಂಡ್ರೂ ಹುವಾಂಗ್ ಮತ್ತು ಶಾನ್ ಕ್ರಾಸ್ ಅನ್ನುವ ಇಬ್ಬರು ಎಂಜಿನಿಯರುಗಳು ಸೇರಿ ನೊವೇನಾ ಅನ್ನುವ ಲ್ಯಾಪ್‌ಟಾಪ್ ಮಾಡಿ 2014ರಲ್ಲಿ ಜನರಿಂದ ಹಣ ಕೂಡಿಸಿದರು. ಮೊಬೈಲುಗಳಲ್ಲಿರುವಂಥ ನಾಲ್ಕು ಕೋರಿನ ಆರ್ಮ್ ಪ್ರೊಸೆಸರ್, 4 ಜಿಬಿ ರ‍್ಯಾಮ್, ಬೋರ್ಡಿನ ಪ್ರತಿಯೊಂದು ಗೆರೆಯ ನಕ್ಷೆಯೂ ಬಹಿರಂಗ. ಲ್ಯಾಪ್‌ಟಾಪ್ ರೂಪದಲ್ಲಿ ಬೆಲೆ 1,995 ಡಾಲರ್. ಅದರ ವೇಗವನ್ನು ಆ ಕಾಲದ ಸಾಧಾರಣ ಲ್ಯಾಪ್‌ಟಾಪಿನ ಜೊತೆಗೂ ಹೋಲಿಸುವ ಹಾಗಿರಲಿಲ್ಲ. ಬರ್ಲಿನ್ನಿನ ಎಂಎನ್‌ಟಿ ರಿಫಾರ್ಮ್ ಇನ್ನೊಂದು. ಅದರ ಬ್ಯಾಟರಿ ಅಂದರೆ ಎಂಟು ಬಿಡಿ ಸೆಲ್ಲುಗಳು, ಟಾರ್ಚಿಗೆ ಹಾಕಿದ ಹಾಗೆ ಒಂದೊಂದಾಗಿ ಹಾಕಬೇಕು. ನೋಡಲು ಬಹಳ ಸೊಗಸು. ಆದರೆ ಬಿಡಿ ಸೆಲ್ಲುಗಳಿರುವ ಯಂತ್ರವನ್ನು ಟ್ರೇಯಲ್ಲಿಟ್ಟು ಕೆಂಪೇಗೌಡ ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿಗೆ ಅದು ಏನೆಂದು ವಿವರಿಸುವ ಧೈರ್ಯ ನನಗಂತೂ ಇಲ್ಲ.

ಕಟ್ಟುವವರು ಮೊದಲು ಹೆದರುವುದು ಬೆಸುಗೆಗೆ. ನಿಜವಾದ ಕಷ್ಟ ಅಲ್ಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರೆ ಅದು ಸುಮ್ಮನಾಗುತ್ತದೆ, ತೆರೆದರೆ ಏಳುತ್ತದೆ. ಇದನ್ನು ನೋಡಿಕೊಳ್ಳುವುದು ಎಂಬೆಡೆಡ್ ಕಂಟ್ರೋಲರ್ ಅನ್ನುವ ಒಂದು ಪುಟ್ಟ ಚಿಪ್ಪು. ಮುಚ್ಚಳದಲ್ಲಿ ಒಂದು ಅಯಸ್ಕಾಂತ, ಕೆಳಗೆ ಒಂದು ಸೆನ್ಸರ್. ಸೆನ್ಸರ್ ಸುದ್ದಿ ಕೊಟ್ಟರೆ ಚಿಪ್ಪು ಅದನ್ನು ಆಪರೇಟಿಂಗ್ ಸಿಸ್ಟಮ್ಮಿಗೆ ದಾಟಿಸುತ್ತದೆ. ಫ್ಯಾನು ಎಷ್ಟು ತಿರುಗಬೇಕು, ಬ್ಯಾಟರಿಗೆ ಎಷ್ಟು ಕರೆಂಟು ಹೋಗಬೇಕು, ಬಿಸಿ ಹೆಚ್ಚಾದರೆ ಯಾವಾಗ ಚಾರ್ಜ್ ನಿಲ್ಲಿಸಬೇಕು, ಯಾವ ಕೀ ಒತ್ತಿದರು ಎಲ್ಲವೂ ಸಾಮಾನ್ಯವಾಗಿ ಅದರ ಪಾಲಿನ ಕೆಲಸ. ಅಂಗಡಿಯಿಂದ ತಂದ ಲ್ಯಾಪ್‌ಟಾಪಿನಲ್ಲಿ ಇದು ಇದೆ ಅಂತಲೇ ನಮಗೆ ಗೊತ್ತಿರುವುದಿಲ್ಲ. ನೀವೇ ಕಟ್ಟಿದರೆ ಅದರ ಫರ್ಮ್‌ವೇರನ್ನೂ, ಅಂದರೆ ಆ ಚಿಪ್ಪಿನೊಳಗೆ ಕೂರುವ ಪ್ರೋಗ್ರಾಮನ್ನೂ, ನೀವೇ ಬರೆಯಬೇಕು. ಅದರಲ್ಲಿ ತಪ್ಪಾದರೆ ಬ್ಯಾಗಿನೊಳಗೆ ಎಚ್ಚರವಾಗಿಯೇ ಇದ್ದು ಕಾದು ಕೆಂಡವಾಗುವ ಲ್ಯಾಪ್‌ಟಾಪು ನಿಮ್ಮದಾಗುತ್ತದೆ.

ದುಡ್ಡಿನ ಲೆಕ್ಕ ಬೇಗ ಮುಗಿಯುತ್ತದೆ. ಸಿದ್ಧ ಲ್ಯಾಪ್‌ಟಾಪಿಗೂ ಬಿಡಿಭಾಗಕ್ಕೂ ಜಿಎಸ್‌ಟಿ ಒಂದೇ, ಶೇ. 18. ಕ್ವಾಂಟಾ, ಕಾಂಪಾಲ್‌ನಂಥ ತೈವಾನಿನ ತಯಾರಕರು ಪರದೆಗಳನ್ನು ಲಕ್ಷಗಟ್ಟಲೆ ಕೊಳ್ಳುತ್ತಾರೆ, ನೀವು ಒಂದು ಕೊಳ್ಳುತ್ತೀರಿ. ಉಳಿತಾಯದ ಮಾತು ಅಲ್ಲಿಗೇ ನಿಂತಿತು. ಎಲೆಕ್ಟ್ರಾನಿಕ್ಸ್ ಓದುವವರು ಕಲಿಯುವುದಕ್ಕೆಂದು ಕಟ್ಟುವುದಾದರೆ ಖಂಡಿತ ಕಟ್ಟಿ. ರಾಸ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು, ಒಂದು ಸಣ್ಣ ಪರದೆ, ಒಂದು ಪವರ್ ಬ್ಯಾಂಕ್ ಸಾಕು. ಪ್ರಾಜೆಕ್ಟ್ ರಿಪೋರ್ಟನ್ನು ಮಾತ್ರ ಬೇರೆ ಮೆಷಿನ್ನಿನಲ್ಲಿ ಟೈಪ್ ಮಾಡಿ.

ನಡುವಿನ ದಾರಿಯೊಂದಿದೆ. ನೀರವ್ ಪಟೇಲ್ ಶುರುಮಾಡಿದ ಫ್ರೇಮ್‌ವರ್ಕ್ ಅನ್ನುವ ಅಮೆರಿಕದ ಕಂಪನಿ 2021ರಲ್ಲಿ ತನ್ನ ಮೊದಲ ಲ್ಯಾಪ್‌ಟಾಪನ್ನು ಎರಡು ಬಗೆಯಲ್ಲಿ ಮಾರಿತು. ಪೂರ್ತಿ ಜೋಡಿಸಿದ್ದು 999 ಡಾಲರಿನಿಂದ, ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇತ್ಯಾದಿ ನಾವೇ ಹಾಕಿಕೊಳ್ಳುವಂಥದ್ದು 749 ಡಾಲರಿನಿಂದ. ‘ನಾನೇ ಕಟ್ಟಿದೆ’ ಅಂತ ಹೇಳಿಕೊಳ್ಳುವಷ್ಟು ಕೆಲಸ ಅದರಲ್ಲಿಲ್ಲ, ಒಂದು ಸಿನಿಮಾದ ಮಧ್ಯಂತರದ ತನಕ ಸಾಕು. ಅದರ ನಿಜವಾದ ಪ್ರಯೋಜನ ಗೊತ್ತಾಗುವುದು ಆಮೇಲೆ. 2022ರಲ್ಲಿ ಹೊಸ ಇಂಟೆಲ್ ಬೋರ್ಡು ಬಂತು, 2023ರಲ್ಲಿ ಎಎಂಡಿ ಬೋರ್ಡು ಬಂತು. ಹಳೆಯ ಚಾಸಿಯನ್ನು ಇಟ್ಟುಕೊಂಡು ಬೋರ್ಡನ್ನಷ್ಟೇ ಬದಲಾಯಿಸಿಕೊಂಡವರು ಇದ್ದಾರೆ. ಡೆಸ್ಕ್‌ಟಾಪಿನಲ್ಲಿ ನಮಗೆ ಇಷ್ಟವಾಗುವುದು ಇದೇ ತಾನೆ? ಕಟ್ಟುವ ಒಂದು ದಿನದ ಖುಷಿಗಿಂತ, ಐದು ವರ್ಷದ ಮೇಲೂ ಅದನ್ನು ಬಿಸಾಡದೆ ನಡೆಸುವ ಅನುಕೂಲ.

ಇನ್ನು ನನ್ನ ತಕರಾರು. ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ಪ್ರೊಸೆಸರಿನ ಹೆಸರು ಕೇಳುತ್ತಾರೆ, ಬಣ್ಣ ನೋಡುತ್ತಾರೆ. ರ‍್ಯಾಮ್ ಸ್ಲಾಟ್ ಇದೆಯೇ, ಬೆಸುಗೆ ಹಾಕಿದ್ದೇ ಅಂತ ಕೇಳುವವರು ಕಡಿಮೆ. 8 ಜಿಬಿ ಬೆಸುಗೆ ಹಾಕಿದ್ದನ್ನು ತಂದರೆ ಅದು ಎಂದೆಂದಿಗೂ 8 ಜಿಬಿಯೇ. ಕಂಪನಿಗಳ ಮೇಲೆ ಪೂರ್ತಿ ತಪ್ಪು ಹೊರಿಸುವುದೂ ಸರಿಯಲ್ಲ. ಕಡಿಮೆ ಕರೆಂಟಿನಲ್ಲಿ ವೇಗವಾಗಿ ಓಡುವ ಎಲ್‌ಪಿಡಿಡಿಆರ್ ರ‍್ಯಾಮ್ ಪ್ರೊಸೆಸರಿಗೆ ಅಂಟಿಕೊಂಡೇ ಇರಬೇಕು, ಹಳೆಯ ಸ್ಲಾಟಿನಲ್ಲಿ ಅದು ಆಗುವುದಿಲ್ಲ. ಅದಕ್ಕೂ ಈಗ ಮದ್ದು ಸಿಕ್ಕಿದೆ. ಸ್ಕ್ರೂ ಹಾಕಿ ಕೂರಿಸುವ ಕ್ಯಾಮ್2 ಅನ್ನುವ ಮಾಡ್ಯೂಲಿಗೆ 2023ರ ಡಿಸೆಂಬರಿನಲ್ಲಿ, ಮೆಮೊರಿಯ ಅಳತೆಗಳನ್ನು ನಿಗದಿಮಾಡುವ ಜೆಡೆಕ್ ಸಂಸ್ಥೆ ಮುದ್ರೆ ಒತ್ತಿತು. ಮರುವರ್ಷ ಲೆನೊವೊದ ಥಿಂಕ್‌ಪ್ಯಾಡ್ ಪಿ1ರಲ್ಲಿ ಅದರದೇ ಎಲ್‌ಪಿಡಿಡಿಆರ್ ರೂಪ ಬಂತು. ಅಗ್ಗದ ಮಾಡೆಲ್ಲುಗಳಿಗೆ ಅದು ಇಳಿದು ಬಂದಾಗ ನೋಡೋಣ.

ಅಲ್ಲಿಯ ತನಕ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಸೆಕೆಂಡ್ ಹ್ಯಾಂಡ್ ಬಿಸಿನೆಸ್ ಲ್ಯಾಪ್‌ಟಾಪು. ಬೆಂಗಳೂರಿನ ಐಟಿ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ಕುಗಳು ಎಸ್‌.ಪಿ. ರೋಡಿನಲ್ಲೇ ಸಾಲಾಗಿ ಸಿಗುತ್ತವೆ. ಈ ಮೇಜಿನ ಮೇಲಿರುವುದು ಥಿಂಕ್‌ಪ್ಯಾಡ್ ಟಿ480, 2018ರ ಮಾಡೆಲ್ಲು. ಎರಡು ರ‍್ಯಾಮ್ ಸ್ಲಾಟ್. ಒಳಗೊಂದು ಹೊರಗೊಂದು ಎರಡು ಬ್ಯಾಟರಿ, ಹೊರಗಿನದನ್ನು ಆಫ್ ಮಾಡದೆಯೇ ಬದಲಾಯಿಸಬಹುದು. ಯಾವ ಸ್ಕ್ರೂ ಎಲ್ಲಿ, ಯಾವುದನ್ನು ಮೊದಲು ತೆಗೆಯಬೇಕು ಅನ್ನುವ ಪೂರ್ತಿ ಕೈಪಿಡಿಯನ್ನು ಕಂಪನಿಯೇ ಪುಕ್ಕಟೆ ಕೊಡುತ್ತದೆ. ಇದರಲ್ಲಿರುವುದು ಇಂಟೆಲ್ ಎಂಟನೇ ಪೀಳಿಗೆ. ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿ ಹೆಚ್ಚುಕಡಿಮೆ ಅಲ್ಲಿಂದಲೇ ಶುರು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತ ಮೇಲೆ ಏಳನೇ ಪೀಳಿಗೆಯದನ್ನು ಅಗ್ಗವೆಂದು ಕೊಳ್ಳುವವರು ವಿಂಡೋಸ್ ಬದಲು ಲಿನಕ್ಸ್ ಹಾಕುವ ಮನಸ್ಸಿದ್ದರೆ ಮಾತ್ರ ಕೊಳ್ಳಿ.

ಅಂಗಡಿಯಲ್ಲಿ ಏನು ನೋಡಬೇಕು? ಕಮಾಂಡ್ ಪ್ರಾಂಪ್ಟಿನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯಿರಿ. ಹೊಸದಿದ್ದಾಗಿನ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡೂ ಅದರಲ್ಲಿ ಬರುತ್ತವೆ. ಅರ್ಧಕ್ಕಿಂತ ಇಳಿದಿದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಹೊಸ ಬ್ಯಾಟರಿ ತರುವಾಗ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತಿಲ್ಲದ್ದನ್ನು ಮುಟ್ಟಬೇಡಿ, ಲಿಥಿಯಂ ಬ್ಯಾಟರಿಗೆ ನಮ್ಮಲ್ಲಿ ಅದು ಕಡ್ಡಾಯ. ಬಯೋಸ್ ಒಳಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪುಟಕ್ಕೆ, ಹೋಗಿ ನೋಡಿ. ಪಾಸ್‌ವರ್ಡ್ ಕೇಳಿದರೆ ‘ಆಮೇಲೆ ತೆಗೆಸಿಕೊಡ್ತೀವಿ ಸಾರ್’ ಅನ್ನುವ ಮಾತನ್ನು ನಂಬದೆ ಮುಂದಿನ ಅಂಗಡಿಗೆ ನಡೆಯಿರಿ. ಟೈಪ್-ಸಿ ಪೋರ್ಟಿನಲ್ಲಿ ಚಾರ್ಜ್ ಆಗುತ್ತದೆಯೇ ಪರೀಕ್ಷಿಸಿ. ಈ ಕಾಲದ ಥಿಂಕ್‌ಪ್ಯಾಡುಗಳಲ್ಲಿ ಆ ಪೋರ್ಟನ್ನು ನಡೆಸುವ ಥಂಡರ್‌ಬೋಲ್ಟ್ ಫರ್ಮ್‌ವೇರಿನ ದೋಷವೊಂದಿತ್ತು, ಅಪ್‌ಡೇಟ್ ಮಾಡದವುಗಳಲ್ಲಿ ಆ ಪೋರ್ಟೇ ಸತ್ತುಹೋಗುತ್ತಿತ್ತು. ರ‍್ಯಾಮ್ ಎಷ್ಟಿದೆ ಅನ್ನುವುದೂ ಈಗ ಮುಖ್ಯ. ಎಐ ಡೇಟಾ ಸೆಂಟರುಗಳ ಹಸಿವಿನಿಂದ 2025ರ ಕೊನೆಯ ಹೊತ್ತಿಗೆ ಅದರ ಬೆಲೆ ವಿಪರೀತ ಏರಿತು. 16 ಜಿಬಿ ಹಾಕಿಯೇ ಕೊಡುವವರು ಸಿಕ್ಕರೆ ಚೌಕಾಸಿ ಜಾಸ್ತಿ ಮಾಡಬೇಡಿ.

ಚೀನಾದಲ್ಲಿ 51ಎನ್‌ಬಿ ಅನ್ನುವ ಉತ್ಸಾಹಿಗಳ ಬಳಗವಿದೆ. ಅವರು ಹಳೆಯ ಥಿಂಕ್‌ಪ್ಯಾಡ್ ಎಕ್ಸ್201ರ ಡಬ್ಬಿಗೆ ಕೂರುವಂತೆ ಹೊಸ ಮದರ್‌ಬೋರ್ಡನ್ನೇ ವಿನ್ಯಾಸ ಮಾಡಿ, ಎಂಟನೇ ಪೀಳಿಗೆಯ ಪ್ರೊಸೆಸರ್ ಹಾಕಿ ಎಕ್ಸ್210 ಅಂತ ಹೆಸರಿಟ್ಟರು. ಹಳೆಯ ಕೀಬೋರ್ಡಿನ ಮೋಹ ಅಷ್ಟು! ‘ನಾನೇ ಕಟ್ಟಿದ ಲ್ಯಾಪ್‌ಟಾಪ್’ ಅನ್ನುವ ಮಾತಿಗೆ ನಿಜವಾಗಿ ಅರ್ಹರು ಅಂಥವರು. ನಮಗೆ ಅಷ್ಟು ಬೇಡ, ಒಂದು ಸ್ಕ್ರೂಡ್ರೈವರ್ ಸಾಕು.

ಮಾತು ಸಾಕು, ಇದನ್ನೀಗ ಬಿಚ್ಚೋಣ. ಮುಂದಿನ ಸಾಲಿನವರು ಮೇಜಿನ ಹತ್ತಿರ ಬನ್ನಿ, ಹಿಂದಿನವರಿಗೆ ಪರದೆಯ ಮೇಲೆ ಕಾಣುತ್ತದೆ. ಒಳಗಿನ ಬ್ಯಾಟರಿಯನ್ನು ಬಯೋಸಿನಲ್ಲಿ ಆಗಲೇ ಡಿಸೇಬಲ್ ಮಾಡಿದ್ದೇನೆ, ಹೊರಗಿನದನ್ನು ತೆಗೆದಿಟ್ಟಿದ್ದೇನೆ. ಈ ಸ್ಕ್ರೂಗಳು ಸಡಿಲವಾದರೂ ಮುಚ್ಚಳದಲ್ಲೇ ಉಳಿಯುತ್ತವೆ, ಕಳೆದುಹೋಗುವ ಭಯವಿಲ್ಲ. ಮೊದಲನೆಯದನ್ನು ಯಾರು ತಿರುಗಿಸುತ್ತೀರಿ?