ಜಮೈಕಾದಿಂದ ಬಂದ ಒಕ್ಕಲು

ಕೇಳುಗರೇ, ನಮಸ್ಕಾರ.

ಬಾಸೆಲ್ ಮಿಶನ್ ಅಂದ ಕೂಡಲೇ ನಮಗೆ ಮಂಗಳೂರು, ಹೆಂಚಿನ ಕಾರ್ಖಾನೆ, ಕಿಟೆಲರ ನಿಘಂಟು ನೆನಪಾಗುತ್ತವೆ, ಅಲ್ವಾ? ಸ್ವಿಟ್ಜರ್ಲೆಂಡಿನ ಈ ಕ್ರೈಸ್ತ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಅದಕ್ಕೂ ಆರು ವರ್ಷ ಮೊದಲೇ ಅದರ ನಾಲ್ವರು ಯುವಕರು ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಹಡಗಿನಿಂದ ಇಳಿದಿದ್ದರು. ಮೂರು ವರ್ಷ ಕಳೆಯುವಷ್ಟರಲ್ಲಿ ನಾಲ್ವರೂ ಕಾಯಿಲೆಯಿಂದ ಸತ್ತರು. 1832ರಲ್ಲಿ ಮತ್ತೆ ಮೂವರು ಬಂದರು. ಉಳಿದದ್ದು ಆಂಡ್ರಿಯಾಸ್ ರೀಸ್ ಒಬ್ಬರೇ. ಅವರ ಜೀವ ಉಳಿಸಿದ್ದು ಅಲ್ಲಿನ ನಾಟಿ ವೈದ್ಯನ ಸೊಪ್ಪು-ಬೇರಿನ ಔಷಧಿ.

ರೀಸ್ ಕರಾವಳಿ ಬಿಟ್ಟು ಗುಡ್ಡದ ಮೇಲಿನ ಅಕ್ರೊಪೊಂಗ್ ಊರಿಗೆ ಹೋದರು. ವರ್ಷಗಳು ಉರುಳಿದರೂ ಯಾರೂ ಕ್ರೈಸ್ತರಾಗಲಿಲ್ಲ. 'ಬಿಳಿಯರ ಪುಸ್ತಕ ಓದಬಲ್ಲ ಕಪ್ಪು ಜನರನ್ನು ಕರೆತಂದು ತೋರಿಸಿ, ಆಮೇಲೆ ನೋಡೋಣ' ಎಂದು ಅಲ್ಲಿನ ಅರಸ ಹೇಳಿದನಂತೆ. ಆ ಮಾತು ನನಗೆ ತುಂಬ ಹಿಡಿಸುತ್ತದೆ. ಅದರಲ್ಲಿ ಹಗೆಯಿಲ್ಲ, ನ್ಯಾಯವಾದ ಪ್ರಶ್ನೆಯಿದೆ.

ಆ ಪ್ರಶ್ನೆಗೆ ಉತ್ತರ ಹಡಗಿನಲ್ಲಿ ಬಂತು. 1843ರ ಏಪ್ರಿಲ್‌ನಲ್ಲಿ ಜಮೈಕಾದಿಂದ 20ಕ್ಕೂ ಹೆಚ್ಚು ಮಂದಿ, ಹೆಂಡತಿ ಮಕ್ಕಳ ಸಮೇತ, ಬಂದಿಳಿದರು. ಗುಲಾಮರಾಗಿ ಆಫ್ರಿಕಾದಿಂದ ಒಯ್ಯಲ್ಪಟ್ಟವರ ಕುಡಿಗಳು ಇವರು, ಕಪ್ಪು ಜನ, ಆದರೆ ಕ್ರೈಸ್ತರು. ಸುಮ್ನೆ ಬರಲಿಲ್ಲ, ಸಸಿಗಳನ್ನೂ ತಂದರು. ಮಾವು ಆ ಕಡೆ ಬಂದದ್ದು ಇವರಿಂದಲೇ ಎಂದು ಅಲ್ಲಿ ಹೇಳುತ್ತಾರೆ. ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನಲ್ಲಿ ಇದೇ ಮಿಶನ್ನಿನ ಮೋಗ್ಲಿಂಗ್ ಅವರ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂತು.

ಆಮೇಲೆ ಶಾಲೆ ಬಂತು, ಚರ್ಚು ಬಂತು. ಇಲ್ಲಿ ಕಿಟೆಲ್ ಮಾಡಿದ್ದನ್ನು ಅಲ್ಲಿ ಇದೇ ಮಿಶನ್ನಿನ ಕ್ರಿಸ್ಟಾಲರ್ ಮಾಡಿದರು. ಅಲ್ಲಿನ ಜನರಾಡುವ ಟ್ವಿ ಭಾಷೆಯ ಬೈಬಲ್ 1871ರಲ್ಲಿ, ನಿಘಂಟು 1881ರಲ್ಲಿ. ಬೈಬಲಿನ ಕೆಲಸದಲ್ಲಿ ಅಕ್ರೊಪೊಂಗ್‌ನ ಡೇವಿಡ್ ಅಸಾಂಟೆ ಜೊತೆಗಿದ್ದರು. ಕ್ರಿಸ್ಟಾಲರ್ ಮೂರು ಸಾವಿರಕ್ಕೂ ಜಾಸ್ತಿ ಗಾದೆಗಳನ್ನೂ ಕೂಡಿಹಾಕಿದರು. 'ಮಗುವಿಗೆ ದೇವರನ್ನು ಯಾರೂ ತೋರಿಸಿಕೊಡುವುದಿಲ್ಲ' ಅನ್ನುವುದು ಆ ಜನರ ಗಾದೆ. ದೇವರ ಸುದ್ದಿ ಹೇಳಲು ಬಂದವರೇ ಅದನ್ನು ಬರೆದಿಟ್ಟುಕೊಂಡರು!

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಶನ್ನಿನ ಜರ್ಮನ್ನರನ್ನು ಹೊರಹಾಕಿತು. ಚರ್ಚು ಮುಚ್ಚಲಿಲ್ಲ. 1918ರಲ್ಲಿ ಅಲ್ಲಿನವರೇ ಸಭೆ ಸೇರಿ ಪೀಟರ್ ಹಾಲ್ ಅವರನ್ನು ಮುಖ್ಯಸ್ಥರನ್ನಾಗಿ, ನಿಕೋಲಸ್ ಕ್ಲರ್ಕ್ ಅವರನ್ನು ಕಾರ್ಯದರ್ಶಿಯಾಗಿ ಆರಿಸಿದರು. ಇಬ್ಬರೂ 1843ರಲ್ಲಿ ಜಮೈಕಾದ ಹಡಗಿನಿಂದ ಇಳಿದವರ ಮಕ್ಕಳು.

ನಮಸ್ಕಾರ.