ಕಿರುಚಿದ್ದು ಸೊನ್ನೆಗೆ

ಕೇಳುಗರಿಗೆ ನಮಸ್ಕಾರ.

ರೋಲರ್ ಕೋಸ್ಟರ್ ಇಳಿದು ಬರುವವರನ್ನು ಗಮನಿಸಿದ್ದೀರಾ? ಕೂದಲು ಕೆದರಿರುತ್ತದೆ, ಕಾಲು ನಡುಗುತ್ತಿರುತ್ತದೆ, ಬಾಯಿ ಮಾತ್ರ ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಜೀವ ಬಾಯಿಗೆ ಬಂತು ಅಂತ ಒಬ್ಬರು. ಅದೇನು ಮಹಾ, ಆ ತಿರುವು ನೋಡಬೇಕಿತ್ತು ಅಂತ ಇನ್ನೊಬ್ಬರು. ನನಗೂ ನನ್ನ ಅಕ್ಕನ ಮಗಳಿಗೂ ಇದೇ ಜಗಳ ಬಿತ್ತು. ನಾನು ತಿರುವಿನ ಪರ, ಅವಳು ಇಳಿಜಾರಿನ ಪರ. ಕೊನೆಗೆ ಅವಳೇ, "ಮಾಮ, ಸುಮ್ನೆ ಯಾಕೆ ವಾದ, ಅಳೆದೇ ಬಿಡೋಣ" ಅಂದಳು. ಅಳೆಯುವ ಸಾಧನ ನನ್ನ ಜೇಬಿನಲ್ಲೇ ಇತ್ತು.

ಫೋನನ್ನು ಅಡ್ಡ ಹಿಡಿದರೆ ಪರದೆಯ ಚಿತ್ರವೂ ಅಡ್ಡ ತಿರುಗುತ್ತದೆ, ಅಲ್ವಾ? ಅದಕ್ಕೆ ಕಾರಣ ಒಳಗಿರುವ ಆಕ್ಸೆಲರೋಮೀಟರ್ ಎಂಬ ಚಿಪ್ಪು. ಅದರೊಳಗೆ ಧೂಳಿನ ಕಣದಂಥ ಸಿಲಿಕಾನ್ ತುಂಡೊಂದು, ಅಷ್ಟೇ ಸಣ್ಣ ಸ್ಪ್ರಿಂಗುಗಳ ಆಸರೆಯಲ್ಲಿ ತೂಗಾಡುತ್ತಿರುತ್ತದೆ. ಫೋನ್ ಥಟ್ಟನೆ ಜರುಗಿದರೆ ಆ ತುಂಡು ಒಂದಿಷ್ಟು ಹಿಂದೆ ಉಳಿಯುತ್ತದೆ. ತುಂಡಿನ ಅಂಚಿಗೆ ಬಾಚಣಿಗೆಯಂಥ ಹಲ್ಲುಗಳಿವೆ. ಹಲ್ಲುಗಳ ನಡುವಿನ ಸಂದು ಎಷ್ಟು ಬದಲಾಯಿತು ಎಂಬುದನ್ನು ವಿದ್ಯುತ್ತಿನಿಂದ ಅಳೆದರೆ ಬಲ ಎಷ್ಟು ಎಂಬುದು ಸಿಗುತ್ತದೆ. ಈ ಅಂಕಿಯನ್ನು ತೆರೆದು ತೋರಿಸುವ ಉಚಿತ ಆ್ಯಪ್‌ಗಳಿವೆ. ಜರ್ಮನಿಯ ಆಹೆನ್ ನಗರದ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಫೈಫಾಕ್ಸ್ ಅವುಗಳಲ್ಲಿ ಒಂದು. ನಾವು ಬಳಸಿದ್ದೂ ಅದನ್ನೇ.

ಆ್ಯಪ್ ತೆರೆದು ಫೋನನ್ನು ಮೇಜಿನ ಮೇಲೆ ಇಟ್ಟೆವು. ಅಂಕಿ 9.8 ತೋರಿಸಿತು. "ಫೋನ್ ಅಲ್ಲಾಡ್ತಾನೇ ಇಲ್ಲ, ಮತ್ತೆ 9.8 ಯಾಕೆ?" ಅಂದಳು. ಒಳ್ಳೆಯ ಪ್ರಶ್ನೆ. ಫೋನನ್ನು ಒಂದು ಅಡಿ ಮೇಲಿಂದ ಹಾಸಿಗೆಯ ಮೇಲೆ ಬಿಟ್ಟು ನೋಡು ಅಂದೆ. ಗಾಳಿಯಲ್ಲಿದ್ದ ಕಾಲು ಸೆಕೆಂಡು ಗೆರೆ ಸೊನ್ನೆಗೆ ಇಳಿದಿತ್ತು. ಬೀಳುವಾಗ ಸೊನ್ನೆ, ಸುಮ್ಮನೆ ಕೂತಾಗ 9.8. ತಲೆಕೆಳಗಾದ ಲೆಕ್ಕ ಅನ್ನಿಸುತ್ತದೆ. ಆದರೆ ಚಿಪ್ಪು ಅಳೆಯುವುದು ಭೂಮಿಯ ಸೆಳೆತವನ್ನಲ್ಲ, ಕೆಳಗಿರುವ ಮೇಜು ಮೇಲಕ್ಕೆ ಒತ್ತುವುದನ್ನು. ನಮ್ಮ ಮೈಯೂ ಅಷ್ಟೇ. ಭೂಮಿ ಎಳೆಯುವುದು ನಮಗೆ ತಿಳಿಯುವುದೇ ಇಲ್ಲ, ಕುರ್ಚಿ ಒತ್ತುವುದು ತಿಳಿಯುತ್ತದೆ. ಆ ಒತ್ತು ನಮ್ಮ ತೂಕದಷ್ಟೇ ಇದ್ದರೆ 1 ಜಿ, ಆ್ಯಪ್ ತೋರಿಸಿದ 9.8 ಅಂದರೆ ಅದೇ. 2 ಜಿ ಅಂದರೆ 50 ಕೆಜಿಯ ಹುಡುಗಿಗೆ ತಾನು 100 ಕೆಜಿ ಇದ್ದ ಹಾಗೆ ಅನ್ನಿಸುವುದು.

ಮೊದಲ ಸಲ ನಾನು ಫೋನನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಹತ್ತಿದೆ. ಇಳಿದು ನೋಡಿದರೆ ಹೊರಡುವ ಮೊದಲೇ 7 ಜಿ! ಯುದ್ಧವಿಮಾನದ ಪೈಲಟ್ ಅನುಭವಿಸುವಷ್ಟು. ಕುತೂಹಲದಿಂದ ಹುಡುಕಿದಾಗ ಗೊತ್ತಾಯಿತು, ಅದು ತೊಡೆಯ ಮೇಲಿನ ಕಂಬಿ ಇಳಿದು ಫೋನಿಗೆ ಟಕ್ ಅಂತ ತಾಗಿದ ಗಳಿಗೆ. ಫೋನ್ ಸಡಿಲವಾಗಿದ್ದರೆ ಅಳತೆ ಫೋನಿನದ್ದಾಗುತ್ತದೆ, ನಮ್ಮದಲ್ಲ. ಎರಡನೇ ಸಲ ಜಿಪ್ ಇರುವ ಸೊಂಟದ ಚೀಲದಲ್ಲಿಟ್ಟು ಬಿಗಿಯಾಗಿ ಕಟ್ಟಿಕೊಂಡೆ. ಕೈಯಲ್ಲಿ ಹಿಡಿಯುವ ಮಾತೇ ಬೇಡ. ಆ ವೇಗದಲ್ಲಿ ಜಾರಿದ ಫೋನ್ ಕೆಳಗಿರುವವರಿಗೆ ಬೀಸಿದ ಕಲ್ಲು. ಹತ್ತುವ ಮೊದಲು ಅಲ್ಲಿನ ಸಿಬ್ಬಂದಿಯನ್ನು ಕೇಳಬೇಕು. ಬೇಡ ಅಂದರೆ ಬೇಡ.

ಹುಡುಗಿ ಇನ್ನೊಂದು ಚಳಕ ಸೇರಿಸಿದಳು. ಅವಳ ಚೀಲದಲ್ಲೂ ಒಂದು ಫೋನ್, ಅದರಲ್ಲಿ ಧ್ವನಿ ಮುದ್ರಣ. ಹೊರಡುವ ಮುಂಚೆ ಎರಡೂ ಫೋನನ್ನು ಒಂದಕ್ಕೊಂದು ಮೂರು ಸಲ ತಟ್ಟಿದಳು. ನನ್ನ ಗ್ರಾಫಿನಲ್ಲಿ ಮೂರು ಮುಳ್ಳು, ಅವಳ ಮುದ್ರಣದಲ್ಲಿ ಟಕ್ ಟಕ್ ಟಕ್. ಎರಡನ್ನೂ ಹೊಂದಿಸಿಕೊಂಡರೆ ಯಾವ ಬಲಕ್ಕೆ ಯಾರು ಎಷ್ಟು ಕಿರುಚಿದರು ಎಂಬುದು ಸಿಕ್ಕಿಬಿಡುತ್ತದೆ. ನನಗೆ ಹೊಳೆದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಬಾನುಲಿಯಲ್ಲಿ ಗ್ರಾಫ್ ತೋರಿಸಲಾಗದು, ಬಾಯಲ್ಲೇ ಬರೆಯುತ್ತೇನೆ. ಮೊದಲು ಸರಪಳಿ ನಮ್ಮನ್ನು ಮೇಲಕ್ಕೆ ಎಳೆಯುತ್ತದೆ. ಗೆರೆ 1ರ ಸುತ್ತ ಗರಗಸದ ಹಲ್ಲಿನಂತೆ ಅದುರುತ್ತದೆ. ತುದಿ ದಾಟಿತು. ಗೆರೆ ಜಾರಿ 0.2ಕ್ಕೆ ಬಂತು, ಒಂದೂವರೆ ಸೆಕೆಂಡು ಅಲ್ಲೇ ನಿಂತಿತು. ಆಮೇಲೆ ತಳ. ಗೆರೆ ಗೋಡೆ ಹತ್ತಿದ ಹಾಗೆ 3.4ಕ್ಕೆ ಏರಿತು. ಮುಂದೆ ಒಂಟೆ ಬೆನ್ನಿನಂಥ ಒಂದು ದಿಬ್ಬ. ಅಲ್ಲಿ ಸೊನ್ನೆಗಿಂತಲೂ ಸ್ವಲ್ಪ ಕೆಳಗೆ. ಅಂದರೆ ಸೀಟು ನಮ್ಮನ್ನು ಒತ್ತುತ್ತಲೇ ಇರಲಿಲ್ಲ, ತೊಡೆಯ ಮೇಲಿನ ಕಂಬಿಯೇ ನಮ್ಮನ್ನು ಕೆಳಕ್ಕೆ ಅದುಮುತ್ತಿತ್ತು. ನಾನು ಪಟ್ಟು ಹಿಡಿದಿದ್ದ ತಿರುವಿನಲ್ಲಿ 2.8.

ಈಗ ಧ್ವನಿ ಕೇಳಿದೆವು. 3.4ರ ತಳದಲ್ಲಿ ಇಬ್ಬರೂ ಗಪ್‌ಚಿಪ್. ಯಾರದೋ "ಹ್ಞೂಂ" ಅನ್ನುವ ಮುಲುಕು ಮಾತ್ರ, ಅದು ನಂದೇ ಇರಬೇಕು. ಚಾವಣಿ ಹಾರಿಹೋಗುವಂತೆ ಕಿರುಚಿದ್ದು ಎಲ್ಲಿ? 0.2ರಲ್ಲಿ. ದಿಬ್ಬದ ಮೇಲೆ, ಸೊನ್ನೆಯಲ್ಲಿ. ಬಲ ಜಾಸ್ತಿಯಾದಾಗ ನಾವು ಬಾಯಿ ಮುಚ್ಚಿದ್ದೆವು. ಬಲವೇ ಇಲ್ಲದಾಗ ಬೊಬ್ಬೆ ಹೊಡೆದೆವು. ನಮ್ಮ ಜಗಳದಲ್ಲಿ ಯಾರು ಗೆದ್ದರು ಎಂದು ಕೇಳಬೇಡಿ. ಜೋರು ಅಂದರೆ ಹೆದರಿಕೆಯೋ ಬಲವೋ ಎಂಬ ಹೊಸ ಜಗಳ ಶುರುವಾಯಿತು.

ಸೊನ್ನೆಗೆ ಯಾಕೆ ಅಷ್ಟು ಹೆದರಿಕೆ? ಹೊಟ್ಟೆಯೊಳಗಿನ ಅಂಗಗಳು ದಿನವಿಡೀ ಒಂದರ ಮೇಲೊಂದು ಭಾರ ಹಾಕಿ ಕೂತಿರುತ್ತವೆ. ಬೀಳುವಾಗ ಆ ಭಾರ ಒಮ್ಮೆಲೇ ಇಲ್ಲವಾಗುತ್ತದೆ. ಹೊಟ್ಟೆ ಝಲ್ ಅನ್ನುವುದು ಆಗಲೇ. ಕಿವಿಯ ಒಳಗೂ ನಮ್ಮದೇ ಆಕ್ಸೆಲರೋಮೀಟರ್ ಇದೆ. ಸುಣ್ಣದ ಪುಟ್ಟ ಪುಟ್ಟ ಹರಳುಗಳು ಅಂಟಿನಂಥ ಪದರದ ಮೇಲೆ ಕೂತು, ಕೆಳಗಿನ ಸೂಕ್ಷ್ಮ ಕೂದಲುಗಳನ್ನು ಬಾಗಿಸುತ್ತಿರುತ್ತವೆ. ಅದೂ ಆಗ "ಬೀಳ್ತಿದ್ದೀಯ" ಅಂತ ಕೂಗಿ ಹೇಳುತ್ತದೆ.

ಇದೇ ಕೋಸ್ಟರನ್ನು ಮುಂದಿನ ಸೀಟಿನಲ್ಲೊಮ್ಮೆ, ಹಿಂದಿನ ಸೀಟಿನಲ್ಲೊಮ್ಮೆ ಅಳೆದೆವು. ತುದಿ ದಾಟುವಾಗ ಹಿಂದಿನ ಡಬ್ಬಿಗೆ ತೇಲುವ ಹೊತ್ತು ಜಾಸ್ತಿ. ಮುಂದಿನ ಡಬ್ಬಿಗಳು ಆಗಲೇ ಇಳಿಯುತ್ತಿರುವುದರಿಂದ ಅದನ್ನು ಜಗ್ಗಿ ತುದಿ ದಾಟಿಸುತ್ತವೆ.

ಫೋನ್ ಬಿಡದ ಕಡೆ ಹಳೆಯ ಉಪಾಯವೊಂದಿದೆ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಒಳಗೆ ತೂಗುವ ಸ್ಪ್ರಿಂಗು, ಅದರ ತುದಿಗೆ ಒಂದು ನಟ್ಟು. ಬರಿಯ ಸ್ಪ್ರಿಂಗು ನಿಲ್ಲುವಲ್ಲಿ ಸೊನ್ನೆ ಗುರುತು. ಒಂದು ನಟ್ಟು ಹಾಕಿದಾಗ 1. ಅಂಥದ್ದೇ ಇನ್ನೊಂದು ಸೇರಿಸಿದರೆ 2, ಮೂರನೆಯದಕ್ಕೆ 3. ಗುರುತು ಹಾಕಿ ಮುಗಿದ ಮೇಲೆ ಒಂದನ್ನೇ ಉಳಿಸಿ ಎರಡೂ ಬದಿಗೆ ಬಿರಟೆ. ಕೈಗೆ ದಾರದಿಂದ ಕಟ್ಟಿಕೊಳ್ಳಬೇಕು. ಇದಕ್ಕೂ ಸಿಬ್ಬಂದಿಯ ಒಪ್ಪಿಗೆ ಬೇಕು.

ಏನೂ ಬೇಡ ಅಂದರೆ ಸರಪಳಿ ತೊಟ್ಟಿಲಿದೆ, ಸುತ್ತುವಾಗ ಕುರ್ಚಿಗಳು ಹೊರಕ್ಕೆ ವಾಲುತ್ತವಲ್ಲ, ಅದು. ದೂರದಿಂದ ಒಂದು ಫೋಟೋ ತೆಗೆದು ಕೋನಮಾಪಕ ಇಟ್ಟರೆ ಸಾಕು. ಸರಪಳಿ 45 ಡಿಗ್ರಿ ವಾಲಿದ್ದರೆ ಕೂತವರಿಗೆ 1.4 ಜಿ, 60 ಡಿಗ್ರಿಗೆ 2 ಜಿ. ಫೋಟೋದಲ್ಲಿ ಖಾಲಿ ಕುರ್ಚಿಯನ್ನೂ ಹುಡುಕಿ. ದಪ್ಪನೆಯ ಮನುಷ್ಯ ಕೂತ ಕುರ್ಚಿಯೂ ಅದೂ ಒಂದೇ ಸಮ ವಾಲಿರುತ್ತವೆ. ಮಕ್ಕಳಿಗೆ ಇದನ್ನು ನಂಬಿಸುವುದು ಕಷ್ಟ, ತೋರಿಸುವುದು ಸುಲಭ.

ಅಳತೆಯಿಲ್ಲದೆ ಕಟ್ಟಿದವರ ಕಥೆಯೂ ಇದೆ. 1895ರಲ್ಲಿ ಅಮೆರಿಕದ ಕೋನಿ ಐಲ್ಯಾಂಡಿನಲ್ಲಿ ಫ್ಲಿಪ್ ಫ್ಲ್ಯಾಪ್ ಎಂಬ ರೈಲು ಶುರುವಾಯಿತು. ಸುಮಾರು ಏಳೂವರೆ ಮೀಟರ್ ಅಗಲದ ಪಕ್ಕಾ ವೃತ್ತದೊಳಗೆ ತಲೆಕೆಳಗಾಗಿ ಸುತ್ತುವ ಆಟ. ಸುಮಾರು 12 ಜಿ ಇದ್ದಿರಬೇಕೆಂದು ಹೇಳುತ್ತಾರೆ. ಜನ ಕುತ್ತಿಗೆ ಹಿಡಿದುಕೊಂಡು ಇಳಿಯುತ್ತಿದ್ದರು. ತಪ್ಪು ವೃತ್ತದ್ದೇ. ಪಕ್ಕಾ ವೃತ್ತದಲ್ಲಿ ತುದಿಯನ್ನು ಹೇಗೋ ಮುಟ್ಟುವಷ್ಟೇ ವೇಗವಿದ್ದರೂ, ಲೆಕ್ಕದ ಪ್ರಕಾರ ತಳದಲ್ಲಿ 6 ಜಿ. ವೃತ್ತ ಚಿಕ್ಕದಿರಲಿ ದೊಡ್ಡದಿರಲಿ, ಅಂಕಿ ಅದೇ. 1976ರಲ್ಲಿ ಕ್ಯಾಲಿಫೋರ್ನಿಯದ ರೆವಲ್ಯೂಷನ್ ಕೋಸ್ಟರಿಗೆ ಜರ್ಮನ್ ಎಂಜಿನಿಯರ್ ವರ್ನರ್ ಸ್ಟೆಂಗಲ್ ಬೇರೆ ಆಕಾರ ಕೊಟ್ಟರು. ತಲೆಕೆಳಗು ಮಾಡಿದ ನೀರಿನ ಹನಿಯಂಥದ್ದು. ತಳದಲ್ಲಿ ಅಗಲವಾದ ತಿರುವು, ಮೇಲೆ ಬಿಗಿಯಾದದ್ದು. ವೇಗ ಹೆಚ್ಚಿರುವಲ್ಲಿ ತಿರುವು ನಿಧಾನ, ವೇಗ ತಗ್ಗಿದ ಮೇಲೆ ತಿರುವು ಬಿಗಿ.

ನಮ್ಮ 3.4 ನೋಡಿ ಹುಡುಗಿ ಜಂಬ ಪಟ್ಟಳು. ಬಾಹ್ಯಾಕಾಶ ನೌಕೆ ಷಟಲ್ ಏರುವಾಗ 3 ಜಿ ದಾಟುತ್ತಿರಲಿಲ್ಲ ಅಂತ ಎಲ್ಲೋ ಓದಿದ್ದಳು. ನಿಜವೇ. ಆದರೆ ನಮ್ಮದು ಅರ್ಧ ಸೆಕೆಂಡು, ಗಗನಯಾತ್ರಿಗಳದ್ದು ನಿಮಿಷದ ಲೆಕ್ಕ. 1954ರ ಡಿಸೆಂಬರಿನಲ್ಲಿ ಜಾನ್ ಸ್ಟ್ಯಾಪ್ ಎಂಬ ಅಮೆರಿಕದ ವಾಯುಪಡೆ ವೈದ್ಯರು ರಾಕೆಟ್ ಬಂಡಿಯಲ್ಲಿ ಕೂತು, ಅದು ನಿಲ್ಲುವಾಗ 46.2 ಜಿ ತಡೆದುಕೊಂಡು ಬದುಕಿ ಬಂದರು. ಅದೂ ಒಂದು ಗಳಿಗೆಯ ಮಾತು. ಅಂಕಿ ಹೇಳುವಾಗ ಎಷ್ಟು ಹೊತ್ತು ಅನ್ನುವುದನ್ನೂ ಹೇಳದಿದ್ದರೆ ಅರ್ಧ ಸುಳ್ಳಾಗುತ್ತದೆ.

ಮನೆಗೆ ಬಂದು ಪೂರ್ತಿ ಗ್ರಾಫ್ ಎಳೆದು ನೋಡಿದಾಗ ತಿಳಿಯಿತು, ಕೊನೆಯ ಸಲ ನಾನು ಮುದ್ರಣವನ್ನು ಸಾಲಿನಲ್ಲಿ ನಿಂತಾಗಲೇ ಶುರು ಮಾಡಿಬಿಟ್ಟಿದ್ದೆ. ಒಂದೂವರೆ ನಿಮಿಷದ ಬೆಟ್ಟ ಕಣಿವೆಗಳ ಹಿಂದೆ 40 ನಿಮಿಷದ ನೆಟ್ಟನೆ ಗೆರೆ, 1 ಜಿ. ಸಾಲು ಮುಂದೆ ಸರಿದಾಗಲೆಲ್ಲ ನಮ್ಮ ಹೆಜ್ಜೆಗಳು ಸಣ್ಣ ಸಣ್ಣ ಹಲ್ಲುಗಳಾಗಿ ಮೂಡಿದ್ದವು. ಒಂದು ಕಡೆ ಮಾತ್ರ ಗೆರೆ ಪುಟಿಪುಟಿದು 2 ದಾಟಿತ್ತು. ಏನಿದು ಅಂದೆ. "ಬಾಗಿಲು ತೆಗೆದ್ರಲ್ಲ ಮಾಮ," ಅಂದಳು, "ನೀವು ಓಡಿದ್ರಿ."