ಇರಿಡಿಯಂ: ಆಕಾಶದಲ್ಲಿ ಸಂಚರಿಸುವ ದೂರವಾಣಿ ಜಾಲ

ಮಾನ್ಯ ಶ್ರೋತೃಗಳೇ, ನಮಸ್ಕಾರ.

ನಡುಗಡಲಿನಲ್ಲಿ, ಧ್ರುವಪ್ರದೇಶದ ಹಿಮದಲ್ಲಿ, ಮೊಬೈಲ್ ಗೋಪುರವೇ ಇಲ್ಲದ ಮರುಭೂಮಿಯಲ್ಲಿ ಇರುವವರೂ ಕೈಯಲ್ಲಿರುವ ಫೋನಿನಿಂದಲೇ ಮಾತನಾಡುವಂತಾಗಬೇಕು ಎಂಬ ಆಲೋಚನೆ ಅಮೆರಿಕದ ಮೋಟರೋಲಾ ಕಂಪನಿಯ ಎಂಜಿನಿಯರುಗಳಿಗೆ 1980ರ ದಶಕದ ಕೊನೆಯಲ್ಲಿ ಹೊಳೆಯಿತು. ಅದರ ಫಲವೇ ಇರಿಡಿಯಂ ಜಾಲ. ಮೊದಲು 77 ಉಪಗ್ರಹಗಳು ಬೇಕೆಂದು ಲೆಕ್ಕ ಹಾಕಿದ್ದರಿಂದ, 77 ಪರಮಾಣು ಸಂಖ್ಯೆಯುಳ್ಳ ಧಾತುವಿನ ಹೆಸರನ್ನೇ ಇಟ್ಟರು. ಕೊನೆಗೆ 66 ಸಾಕಾದರೂ ಹೆಸರು ಹಾಗೆಯೇ ಉಳಿಯಿತು.

ಭೂಮಿಯ ತಿರುಗುವಿಕೆಯೊಡನೆ ಸುತ್ತುತ್ತ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದರಿಂದ, ಅದರ ಮೂಲಕ ಕೇಳಿದ ಪ್ರಶ್ನೆಗೆ ಉತ್ತರ ಕಿವಿಗೆ ಬೀಳಲು ಅರ್ಧ ಸೆಕೆಂಡಿನಷ್ಟು ತಡವಾಗುತ್ತದೆ. ಧ್ರುವಗಳಿಗಂತೂ ಅದು ಕಾಣಿಸುವುದೇ ಇಲ್ಲ. ಇರಿಡಿಯಂ ಉಪಗ್ರಹಗಳ ಎತ್ತರ ಕೇವಲ 780 ಕಿಲೋಮೀಟರ್. ಆದರೆ ಇಷ್ಟು ಕೆಳಗಿನ ಉಪಗ್ರಹ ಸುಮಾರು 100 ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತಿಬಿಡುತ್ತದೆ, ಒಂದೆಡೆ ನಿಂತವರಿಗೆ ಹತ್ತು ನಿಮಿಷವೂ ಕಾಣಿಸುವುದಿಲ್ಲ. ನೆಲದ ಜಾಲದಲ್ಲಿ ಗೋಪುರ ನಿಂತಿರುತ್ತದೆ, ನಾವು ಚಲಿಸುತ್ತೇವೆ. ಇಲ್ಲಿ ನಾವು ನಿಂತಿದ್ದರೂ ಗೋಪುರವೇ ಓಡುತ್ತಿರುತ್ತದೆ. ಆದ್ದರಿಂದ ಮಾತು ಕಡಿಯದಂತೆ, ದಿಗಂತದತ್ತ ಇಳಿಯುತ್ತಿರುವ ಉಪಗ್ರಹವು ಕರೆಯನ್ನು ಮೇಲೇರಿ ಬರುತ್ತಿರುವ ಇನ್ನೊಂದಕ್ಕೆ ಒಪ್ಪಿಸಬೇಕು. ನನ್ನ ದೃಷ್ಟಿಯಲ್ಲಿ ಇದಕ್ಕಿಂತಲೂ ದೊಡ್ಡ ಸಾಧನೆ, ಪ್ರತಿ ಉಪಗ್ರಹವೂ ತನ್ನ ಕಕ್ಷೆಯಲ್ಲಿ ಹಿಂದೆ ಮುಂದೆ ಇರುವ ಎರಡರೊಡನೆ ಮತ್ತು ಅಕ್ಕಪಕ್ಕದ ಕಕ್ಷೆಗಳ ಉಪಗ್ರಹಗಳೊಡನೆ ನೇರ ರೇಡಿಯೊ ಸಂಪರ್ಕ ಇಟ್ಟುಕೊಂಡಿರುವುದು. ಹೀಗಾಗಿ ಹಡಗಿನವರ ಕರೆ ಆಕಾಶದಲ್ಲೇ ಉಪಗ್ರಹದಿಂದ ಉಪಗ್ರಹಕ್ಕೆ ಸಾಗಿ, ದೂರದಲ್ಲಿ ನೆಲದ ಮೇಲಿರುವ ಸಂಪರ್ಕ ಕೇಂದ್ರವೊಂದರಲ್ಲಿ ಇಳಿಯಬಲ್ಲದು.

ವಾಣಿಜ್ಯ ಸೇವೆ 1998ರ ನವೆಂಬರ್ 1ರಂದು ಆರಂಭವಾಯಿತು. 1999ರ ಆಗಸ್ಟ್‌ನಲ್ಲಿ ಜಾಲವನ್ನು ನಡೆಸುತ್ತಿದ್ದ ಇರಿಡಿಯಂ ಕಂಪನಿ ದಿವಾಳಿಯಾಯಿತು. ಸುಮಾರು 500 ಕೋಟಿ ಡಾಲರ್ ವೆಚ್ಚದ ಜಾಲಕ್ಕೆ ಗಿರಾಕಿಗಳು ಸಾಲಲಿಲ್ಲ. ಫೋನು ದಪ್ಪ, ಬೆಲೆ ಸುಮಾರು 3,000 ಡಾಲರ್. ಕಟ್ಟಡದೊಳಗೆ ಅದು ಕೆಲಸ ಮಾಡುತ್ತಿರಲಿಲ್ಲ. ಅಷ್ಟರಲ್ಲಿ ಅಗ್ಗದ ನೆಲದ ಮೊಬೈಲ್ ಜಾಲಗಳು, ಈ ಫೋನನ್ನು ಕೊಳ್ಳಬೇಕಿದ್ದ ವ್ಯಾಪಾರಿಗಳ ಊರುಗಳನ್ನೆಲ್ಲ ತಲುಪಿದ್ದವು. ಇದನ್ನು ತಂತ್ರಜ್ಞಾನದ ಸೋಲೆಂದು ಕರೆಯುವುದು ಅನ್ಯಾಯ. ತಪ್ಪಿದ್ದು ಗಿರಾಕಿ ಯಾರೆಂಬ ಅಂದಾಜು. ಉಪಗ್ರಹಗಳನ್ನು ಕಕ್ಷೆಯಿಂದ ಕೆಳಗಿಳಿಸಿ ಸುಟ್ಟುಬಿಡುವ ಯೋಜನೆಯೂ ಸಿದ್ಧವಾಗಿತ್ತು. ಆ ಹಂತದಲ್ಲಿ ಉದ್ಯಮಿ ಡ್ಯಾನ್ ಕೊಲುಸ್ಸಿ ನೇತೃತ್ವದ ಹೂಡಿಕೆದಾರರು ಇಡೀ ಜಾಲವನ್ನು ಸುಮಾರು 2.5 ಕೋಟಿ ಡಾಲರಿಗೆ ಕೊಂಡರು. ಅಮೆರಿಕದ ರಕ್ಷಣಾ ಇಲಾಖೆಯ ಗುತ್ತಿಗೆ ಅದಕ್ಕೆ ಆಸರೆಯಾಯಿತು.

ನಾವಿಕರು, ವಿಮಾನ ಚಾಲಕರು, ಸಂಶೋಧಕರು, ಅಪಾಯದಲ್ಲಿ ಸಿಲುಕಿದವರನ್ನು ಪಾರುಮಾಡುವ ತಂಡದವರು ಜಾಲದ ನಿಜವಾದ ಬಳಕೆದಾರರಾದರು. ಹಡಗುಗಳ ಅಪಾಯ ಸಂದೇಶಗಳಿಗೆ ಅಂತಾರಾಷ್ಟ್ರೀಯ ಕಡಲ ಸಂಸ್ಥೆ 2018ರಲ್ಲಿ ಇದನ್ನು ಮಾನ್ಯ ಮಾಡಿತು. 2017ರಿಂದ 2019ರ ನಡುವೆ ಎರಡನೆಯ ಪೀಳಿಗೆಯ ಉಪಗ್ರಹಗಳು ಹಳೆಯವುಗಳ ಸ್ಥಾನಕ್ಕೆ ಬಂದವು. ಈಗ ಗ್ಲೋಬಲ್‌ಸ್ಟಾರ್ ಎಂಬ ಇನ್ನೊಂದು ಜಾಲದ ಮೂಲಕ, 2022ರಿಂದ ಐಫೋನಿನಿಂದಲೂ ಕೆಲವು ದೇಶಗಳಲ್ಲಿ ತುರ್ತು ಸಂದೇಶ ಕಳುಹಿಸಬಹುದಾಗಿದೆ. ಆದರೆ ಅದಕ್ಕೆ ಬಯಲಿಗೆ ಬಂದು, ಪರದೆಯ ಸೂಚನೆಯಂತೆ ಫೋನನ್ನು ಉಪಗ್ರಹದ ದಿಕ್ಕಿಗೆ ಹಿಡಿಯಬೇಕು.